ಒಂದು ಚಂದಾ, ಒಂದು ಪರದೆ

ಮೇಲವಂಕಿ
14 ಏಪ್ರಿಲ್ 2025

ಮೂಡಲಗಿಯ ಬೆಲ್ಲದ ವ್ಯಾಪಾರಿ ಗುರುಲಿಂಗಪ್ಪನಿಗೆ,

ನೀನು ಆರಾಮ ಇದ್ದೀ ಎಂದು ಗೋಕಾಕ ಸಂತೆಯಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ನಾನು ಕೇಳುವುದಿಲ್ಲ. ಹುಕ್ಕೇರಿ ಸೈಕಲ್ ರೇಸಿನ ಮರುದಿನ ಬೀರದೇವರ ಗುಡಿಯಲ್ಲಿ ಭಂಡಾರದ ಅರಿಸಿನ ಹಿಡಿದು, ಇನ್ನು ಈ ಜನ್ಮದಲ್ಲಿ ಗುರುಲಿಂಗಪ್ಪನ ಸಂಗಡ ಮಾತಾಡುವುದಿಲ್ಲ ಎಂದು ಆಣೆ ಮಾಡಿದವನು ನಾನು. ಮೂವತ್ತು ವರ್ಷವಾಗುತ್ತ ಬಂತು, ಆಣೆ ಮುರಿದಿಲ್ಲ. ಈ ಕಾಗದದಿಂದಲೂ ಮುರಿಯುವುದಿಲ್ಲ. ದಾರಿ ಹುಡುಕಿದವಳು ನನ್ನ ಹೆಂಡತಿ ಶೆಟ್ಟೆವ್ವ. “ಮಾತಾಡಂಗಿಲ್ಲ ಅಂತ ಆಣಿ ಮಾಡೀರಿ. ಬರಿಯಂಗಿಲ್ಲ ಅಂತ ಮಾಡಿಲ್ಲಲ್ಲ? ಬರೀರಿ,” ಎಂದಳು.

ಸಂಗತಿ ಇಷ್ಟು. ನನ್ನ ಮಗಳು ಮಾಯಾ ಮಾರ್ಚ್ ತಿಂಗಳಿನಿಂದ ಬೆಲ್ಜಿಯಂ ದೇಶದ ಒಂದು ಸಣ್ಣ ತಂಡದಲ್ಲಿ ಪಗಾರಕ್ಕೆ ಸೈಕಲ್ ಹೊಡೆಯುತ್ತಿದ್ದಾಳೆ. ಹೊಡೆಯುತ್ತಿದ್ದಾಳೆ ಎಂದು ಅವಳು ಹೇಳುತ್ತಾಳೆ. ನಾನು ನೋಡಿಲ್ಲ. ಒಂದು ಟಗರು ಮಾರಿ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ಮುಂದಿನ ತಿಂಗಳೇ ಅವರು ಸೈಕಲ್ ರೇಸು ತೆಗೆದುಹಾಕಿ ಅಡುಗೆ ಸ್ಪರ್ಧೆ ತೋರಿಸತೊಡಗಿದರು. ಎರಡನೆಯ ಆ್ಯಪು ಹೆಸರು, ನಂಬರು, ಜನ್ಮತಾರೀಖು ಎಲ್ಲ ಕೇಳಿ ತೆಗೆದುಕೊಂಡು, ಕೊನೆಗೆ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದಿತು. ದೇಶ ಯಾವುದೆಂದು ಮೊದಲೇ ಗೊತ್ತಿತ್ತಲ್ಲ, ಜನ್ಮತಾರೀಖು ಯಾಕೆ ಬೇಕಾಗಿತ್ತು? ಮೂರನೆಯದು ಪುಕ್ಕಟೆ. ಅದರಲ್ಲಿ ಅರ್ಧ ಪರದೆಯ ತುಂಬ ಒಬ್ಬ ಹೆಂಗಸು ಜೂಜಿಗೆ ಕರೆಯುತ್ತಾಳೆ. ಶೆಟ್ಟೆವ್ವ ಟಿವಿಯ ಮೇಲೆ ಟವೆಲು ಹಾಕಿದಳು.

ಪೂರಾ ರೇಸು ಬರುವ ಆ್ಯಪು ನಿನ್ನ ಹತ್ತಿರ ಇದೆ ಎಂದು ಗೋಕಾಕದ ಮೊಬೈಲ್ ಅಂಗಡಿಯ ಸತ್ತೆಪ್ಪ ಹೇಳಿದ. ಬೆಲ್ಲದ ವ್ಯಾಪಾರಿಗೆ ಅದು ಯಾಕೆ ಬೇಕು ಎಂಬುದು ನನಗೆ ತಿಳಿದಿಲ್ಲ. ನನಗೆ ಅದರ ಕೀಲಿ ಬೇಕು. ಪುಕ್ಕಟೆ ಬೇಡ, ನಮ್ಮ ಕುರಿಯ ಉಣ್ಣೆಯ ಒಂದು ಕರಿ ಕಂಬಳಿ ಕೊಡುತ್ತೇನೆ.

ಮಗಳು ಖರೆ ರೇಸಿನಲ್ಲಿ ಇದ್ದಾಳೋ ಇಲ್ಲವೋ ನನ್ನ ಕಣ್ಣಿಂದ ನೋಡಬೇಕು. ದೀಪಾವಳಿಯೊಳಗೆ ನೋಡದಿದ್ದರೆ ವಾಪಸು ಕರೆಸುತ್ತೇನೆ. ಅವಳಿಗೂ ಹೇಳಿದ್ದೇನೆ.

ಬರೆದವನು,
ಮಾಳಪ್ಪ


ಮೂಡಲಗಿ
23 ಏಪ್ರಿಲ್ 2025

ಮಾಳಪ್ಪನಿಗೆ ಶರಣು.

ನಿನ್ನ ಅಕ್ಷರ ಮೊದಲಿನ ಹಾಗೆಯೇ ಇದೆ. ಪ್ರತಿ ಸಾಲೂ ಬಲಕ್ಕೆ ಏರುತ್ತದೆ.

ಆ್ಯಪಿನ ಹೆಸರು, ನನ್ನ ಇಮೇಲು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಪಾಸ್‌ವರ್ಡು ಇಂಗ್ಲಿಷಿನಲ್ಲಿ ಲೋಳಸೂರ, ಅದರ ಮುಂದೆ ರೇಸು ನಡೆದ ಇಸವಿ. ಇಸವಿ ನಿನಗೆ ಹೇಳಿಕೊಡಬೇಕಾಗಿಲ್ಲ.

ಕಂಬಳಿ ಸದ್ಯ ನಿನ್ನ ಹತ್ತಿರವೇ ಇರಲಿ. ಬೇಸಿಗೆ.

ಶರಣು,
ಗುರುಲಿಂಗಪ್ಪ


ಮೇಲವಂಕಿ
19 ಮೇ 2025

ಗುರುಲಿಂಗಪ್ಪನಿಗೆ,

ನಿನ್ನ ಆಟ ನನಗೆ ತಿಳಿಯಿತು.

ನಿನ್ನೆ ರವಿವಾರ. ಮಾಯಾಳ ತಂಡ ಇರುವ ರೇಸು. ಸಂಜೆಗೇ ಕುರಿ ಹಟ್ಟಿಗೆ ಸೇರಿಸಿ, ಕೈಕಾಲು ತೊಳೆದು ಕೂತೆವು. ರೇಸು ಮುಗಿಯಲು ಇನ್ನು ಎರಡು ಕಿಲೋಮೀಟರು ಇದೆ ಎನ್ನುವಾಗ ಪರದೆ ಕಪ್ಪಾಯಿತು. ‘ಈ ಖಾತೆಯನ್ನು ಬೇರೆ ಕಡೆ ಬಳಸಲಾಗುತ್ತಿದೆ’ ಎಂದು ಬಂತು. ಶೆಟ್ಟೆವ್ವ ಮತ್ತೆ ಲೋಳಸೂರ ಒತ್ತಿ ತೆರೆದಳು. ತೆರೆಯಿತು, ಮತ್ತೆ ಮುಚ್ಚಿತು. ನಾಲ್ಕು ಸಲ ಹೀಗೆ. ಕೊನೆಗೆ ತೆರೆದಾಗ ಯಾರೋ ಗೆದ್ದು ಹೂಗುಚ್ಛ ಹಿಡಿದು ನಿಂತಿದ್ದರು. ಕೊನೆಯ ಎರಡು ಕಿಲೋಮೀಟರಿನಲ್ಲಿ ನನಗೆ ಕೈ ಕೊಡುವುದು ನಿನಗೆ ಹೊಸದಲ್ಲ. ಆದರೂ ಟಿವಿಯೊಳಗೂ ಬಂದು ಕೊಡುತ್ತೀ ಎಂದು ಅಂದುಕೊಂಡಿರಲಿಲ್ಲ.

ಇನ್ನೂ ಕೆಲವು ಸಂಶಯಗಳಿವೆ. ಒಂದು, ‘ನೇರ ಪ್ರಸಾರ’ ಎಂದು ಬರೆದಿರುತ್ತಾರೆ, ಆದರೆ ಪ್ರಸಾರ ಶುರುವಾಗುವುದು ಮುಕ್ಕಾಲು ರೇಸು ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮಾಯಾ ಎಲ್ಲಿಯೂ ಕಾಣುವುದಿಲ್ಲ. ಹಾಗಾದರೆ ಈ ಚಂದಾ ಯಾರ ಮಗಳನ್ನು ನೋಡಲಿಕ್ಕೆ?

ಇನ್ನೊಂದು, ಫಲಿತಾಂಶದಲ್ಲಿ ಅವಳ ಹೆಸರಿನ ಮುಂದೆ ನಂಬರಿನ ಬದಲು ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ, ಡಿ, ಎನ್, ಎಫ್. ಶೆಟ್ಟೆವ್ವ ಅದು ಡಿಗ್ರಿ ಇರಬೇಕೆಂದು ಬಾಜೂ ಮನೆಯ ಹಣಮವ್ವನಿಗೆ ಹೇಳಿಬಂದಿದ್ದಾಳೆ. ನನಗೆ ಹಾಗೆ ಅನಿಸುವುದಿಲ್ಲ.

ಕೊನೆಯದು ನಿನಗೆ ಸಂಬಂಧಪಟ್ಟದ್ದು. ಆ್ಯಪಿನ ಮೂಲೆಯಲ್ಲಿ ‘ಸದಸ್ಯರಾದದ್ದು ಮಾರ್ಚ್ 2025’ ಎಂದಿದೆ. ಅದೇ ಮಾರ್ಚಿನಲ್ಲಿ ನನ್ನ ಮಗಳು ಬೆಲ್ಜಿಯಂಗೆ ಹೋದಳು. ಇದಕ್ಕೆ ನೀನು ಉತ್ತರ ಕೊಡಬೇಕು.

ಮಾಳಪ್ಪ


ಮೂಡಲಗಿ
28 ಮೇ 2025

ಮಾಳಪ್ಪನಿಗೆ ಶರಣು.

ಹೊರಗೆ ಬಿದ್ದವನು ನಾನು! ರೊಟ್ಟಿಯ ತಾಟು ತೊಡೆಯ ಮೇಲಿಟ್ಟುಕೊಂಡು ನಾನೂ ಅದೇ ರೇಸು ನೋಡುತ್ತಿದ್ದೆ. ನನಗೂ ಕಪ್ಪು ಪರದೆ, ಅದೇ ಮಾತು. ನಾನೂ ನಾಲ್ಕು ಸಲ ಲೋಳಸೂರ ಒತ್ತಿದೆ. ಬಾಳವ್ವ ಒಳಗಿನಿಂದ, “ಯಾರಿಗೆ ಬಯ್ಯಾಕತ್ತೀರಿ? ಮನ್ಯಾಗ ನನ್ನ ಬಿಟ್ರ ಯಾರೂ ಇಲ್ಲ,” ಎಂದು ಹೊರಗೆ ಬಂದಳು. ನಿನ್ನ ದೆಸೆಯಿಂದ ಹೆಂಡತಿಗೆ ಸಮಾಧಾನ ಹೇಳುವ ಕೆಲಸವೂ ನನ್ನದಾಯಿತು.

ನಾನು ಪಾಸ್‌ವರ್ಡು ಕೊಟ್ಟದ್ದು ನಿನಗೆ. ನೀನು ಅದನ್ನು ಮೇಲವಂಕಿಯ ಎಷ್ಟು ಮನೆಗೆ ಹಂಚಿದ್ದೀ? ಹಣಮವ್ವನ ಮನೆಗೆ ಡಿಗ್ರಿ ಮುಟ್ಟಿದೆ ಎಂದ ಮೇಲೆ ಪಾಸ್‌ವರ್ಡೂ ಮುಟ್ಟಿರಬೇಕು.

ಆ ಮೂರು ಅಕ್ಷರಕ್ಕೆ ರೇಸು ಪೂರ್ತಿ ಮಾಡಲಿಲ್ಲ ಎಂದು ಅರ್ಥ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ನಿನಗೆ ಈಗ ಹೇಳಿದರೆ ತಿಳಿಯುವುದಿಲ್ಲ, ಇನ್ನೂ ಕೆಲವು ರೇಸು ನೋಡು.

ಶರಣು,
ಗುರುಲಿಂಗಪ್ಪ


ಮೇಲವಂಕಿ
16 ಜೂನ್ 2025

ಗುರುಲಿಂಗಪ್ಪನಿಗೆ,

ಮಾರ್ಚಿನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ನಾನು ಮರೆತಿಲ್ಲ.

ನಿನ್ನೆ ಮಾಯಾಳನ್ನು ನೋಡಿದೆ. ಪ್ರಸಾರ ಶುರುವಾದ ಕೂಡಲೇ, ಒಂದು ರೊಟ್ಟಿ ಬಡಿಯುವಷ್ಟು ಹೊತ್ತು. ಶೆಟ್ಟೆವ್ವ ಮೊದಲು ಗುರುತು ಹಿಡಿದಳು. “ಅಗೋ ಬೆನ್ನ ನೋಡ್ರಿ, ನಮ್ಮ ಮಾಯಾ! ಎಷ್ಟು ಬಡಕಲಾಗ್ಯಾಳ,” ಎಂದು ಅಳತೊಡಗಿದಳು. ನನಗೂ ಕಣ್ಣು ತುಂಬಿತು. ಅದು ತುಂಬಿದ್ದು ಎರಡು ನಿಮಿಷ. ಆಮೇಲೆ ಕಂಡದ್ದು ಬೇರೆ.

ನನ್ನ ಮಗಳು ಗುಂಪು ಬಿಟ್ಟು ಹಿಂದೆ ಹೋದಳು. ಒಂದು ಕಾರಿನಿಂದ ನೀರಿನ ಬಾಟಲಿ ಇಸಿದುಕೊಂಡು ಅಂಗಿಯೊಳಗೆ ತುರುಕಿಕೊಂಡಳು. ಮತ್ತೆ ಮುಂದೆ ಬಂದು ಒಬ್ಬ ಎತ್ತರದ ಬಿಳಿ ಹುಡುಗಿಗೆ ಒಂದು ಬಾಟಲಿ ಕೊಟ್ಟಳು. ಆಮೇಲೆ ಸ್ವಲ್ಪ ಹೊತ್ತು ಎಲ್ಲರ ಮುಂದೆ ಓಡಿ, ಬಾಜೂಕ್ಕೆ ಸರಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಹಿಂದೆ ಉಳಿದಳು. ಯಾರೂ ತಳ್ಳಲಿಲ್ಲ, ಸೈಕಲ್ ಪಂಕ್ಚರ್ ಆಗಲಿಲ್ಲ. ತಾನಾಗಿಯೇ ಬಿಟ್ಟುಕೊಟ್ಟಳು.

ಇದನ್ನು ನಾನು ಮೊದಲೊಮ್ಮೆ ನೋಡಿದ್ದೇನೆ. 1996ರ ಶ್ರಾವಣ. ಮೂಡಲಗಿ ಬಿಟ್ಟಾಗ ಇದ್ದ ಗುಂಪಿನಲ್ಲಿ ಹುಕ್ಕೇರಿಯ ಏರಿಗೆ ಉಳಿದವರು ಮೂರೇ ಜನ: ನಾನು, ನೀನು, ಹುಕ್ಕೇರಿಯ ಸೋಮಶೇಖರ. ನೀನು ನನ್ನ ಜೋಡಿದಾರ. ಇಬ್ಬರೂ ಒಂದೇ ಸೈಕಲ್ಲಿನ ಮೇಲೆ ಸವಾರಿ ಕಲಿತವರು. ನೀನು ಬಾಜೂಕ್ಕೆ ಸರಿದೆ, ಸೋಮಶೇಖರನ ಕೈಗೆ ಬಾಟಲಿ ಹೋಯಿತು, ನೀನು ಸೊಂಟದ ಮೇಲೆ ಕೈ ಇಟ್ಟುಕೊಂಡು ಹಿಂದೆ ಉಳಿದೆ. ಅವನು ಅರ್ಧ ಗಾಲಿಯಿಂದ ಗೆದ್ದ. ಅದೇ ದೀಪಾವಳಿಗೆ ಅವನದೇ ಊರು ಹುಕ್ಕೇರಿಯಲ್ಲಿ ನಿನ್ನ ಮೊದಲ ಬೆಲ್ಲದ ಅಂಗಡಿ ಶುರುವಾಯಿತು, ರೊಕ್ಕ ಎಲ್ಲಿಂದ ಬಂತು? ನಮ್ಮ ಕಡೆ ಬೇರೆಯವನಿಗೆ ನೀರು ಕೊಟ್ಟು ಹಿಂದೆ ಸರಿಯುವವನಿಗೆ ರೇಸು ಮಾರಿದವನು ಎಂದೇ ಹೆಸರು. ಊರು ಹಾಗೆಂದಿತು, ನಾನೂ ಅಂದೆ.

ಈಗ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಅದನ್ನೇ ಮಾಡುತ್ತಾಳೆ. ಇದನ್ನು ಅವಳಿಗೆ ಕಲಿಸಿದವರು ಯಾರು? ಗೋಕಾಕದಲ್ಲಿ ಪ್ರಾಕ್ಟೀಸಿಗೆ ಹೋಗುವಾಗ ನಿನ್ನನ್ನು ಎಂದಾದರೂ ಭೇಟಿ ಆಗಿದ್ದಳೇನು? ಫೋನು ಮಾಡಿ ಅವಳಿಗೆ ಹೇಳಿದೆ, “ಗಂಟು ಕಟ್ಟು, ಮನಿಗೆ ಬಾ. ರೇಸ್ ಮಾರೋ ಮಗಳು ನನಗ ಬ್ಯಾಡ.” ಅವಳು ಏನೋ ಹೇಳುತ್ತಿದ್ದಳು. ನಾನು ಇಟ್ಟುಬಿಟ್ಟೆ.

ಮಾಳಪ್ಪ


ಬೆಲ್ಜಿಯಂ
2 ಜುಲೈ 2025

ಅಪ್ಪಾ,

ಫೋನಿನಲ್ಲಿ ನೀನು ಬೈಯುವುದು ಮುಗಿದ ಕೂಡಲೇ ಇಡುತ್ತೀ, ನನ್ನ ಪಾಳಿ ಬರುವುದೇ ಇಲ್ಲ. ಅದಕ್ಕೆ ಕಾಗದದ ಮೇಲೆ ಬರೆದು, ಫೋಟೋ ತೆಗೆದು ಅವ್ವನ ಮೊಬೈಲಿಗೆ ಕಳಿಸುತ್ತಿದ್ದೇನೆ. ಅವ್ವಾ, ಇದನ್ನು ಒಮ್ಮೆ ಗಟ್ಟಿಯಾಗಿ ಓದು. ನಡುವೆ ಅಪ್ಪ ಎದ್ದುಹೋದರೆ ಕರೆದು ಕೂಡಿಸು.

ನಾನು ರೇಸು ಮಾರಿಲ್ಲ. ನೀನು ಹಾಗೆ ಅಂದದ್ದಕ್ಕೆ ಎರಡು ದಿನ ಊಟ ಸೇರಲಿಲ್ಲ. ಇಲ್ಲಿ ಒಂದು ತಂಡಕ್ಕೆ ಆರು ಜನ, ಗೆಲ್ಲುವವಳು ಒಬ್ಬಳು. ಉಳಿದ ಐವರು ಅವಳಿಗೆ ಗಾಳಿ ತಾಗದ ಹಾಗೆ ಮುಂದೆ ಓಡುತ್ತೇವೆ, ನೀರು ತಂದು ಕೊಡುತ್ತೇವೆ. ನನ್ನ ಕಾಲಿನಲ್ಲಿ ಇದ್ದದ್ದೆಲ್ಲ ಖಾಲಿಯಾದಾಗ ನಾನು ಸರಿಯುತ್ತೇನೆ. ಕ್ಯಾಮೆರಾ ಬರುವ ಹೊತ್ತಿಗೆ ನನ್ನ ಕೆಲಸ ಮುಗಿದಿರುತ್ತದೆ. ಅದು ನನ್ನ ತಪ್ಪೇ, ಅಪ್ಪಾ? ಸಣ್ಣ ರೇಸಿನ ಪ್ರಸಾರದಲ್ಲಿ ನಮ್ಮಂಥವರು ಕಾಣುವುದಿಲ್ಲ.

ಇಷ್ಟು ಹೇಳಿದರೆ ನೀನು ನಂಬುವುದಿಲ್ಲ ಎಂದು ಗೊತ್ತು. ನೀನು ಅಂಗಡಿಯ ತಕ್ಕಡಿಯನ್ನೂ ನಂಬುವವನಲ್ಲ. ಆಗಸ್ಟ್ ಹತ್ತರ ರವಿವಾರ ಇಲ್ಲಿಯ ದೊಡ್ಡ ರೇಸು. ಅದೊಂದನ್ನು ಬಾವುಟ ಬೀಸಿದಲ್ಲಿಂದ ಕೊನೆಯವರೆಗೆ ತೋರಿಸುತ್ತಾರೆ. ನಮ್ಮ ಕಡೆ ಸಂಜೆ ನಾಲ್ಕಕ್ಕೆ ಶುರು. ಮೊದಲಿನಿಂದ ನೋಡು. ಮುಂದಿನ ವರ್ಷದ ಒಪ್ಪಂದದ ಕಾಗದ ನನ್ನ ಚೀಲದಲ್ಲಿದೆ, ಸಹಿ ಹಾಕಿಲ್ಲ. ಪೂರಾ ನೋಡಿದ ಮೇಲೂ ಬಾ ಎಂದರೆ ಬರುತ್ತೇನೆ, ಮತ್ತೆ ಸೈಕಲ್ ಮುಟ್ಟುವುದಿಲ್ಲ.

ನಿನ್ನ ಮಗಳು,
ಮಾಯಾ


ಮೇಲವಂಕಿ
12 ಜುಲೈ 2025

ಗುರುಲಿಂಗಪ್ಪನಿಗೆ,

ಮಾಯಾ ಕಾಗದ ಬರೆದಿದ್ದಾಳೆ. ಆಗಸ್ಟ್ ಹತ್ತರ ರೇಸು ಪೂರ್ತಿ ತೋರಿಸುತ್ತಾರಂತೆ. ಅದನ್ನು ನೋಡಿ ಅವಳು ಅಲ್ಲಿ ಇರಬೇಕೋ ಮರಳಿ ಬರಬೇಕೋ ನಾನು ಹೇಳಬೇಕು. ಹೇಳಿದ ಮೇಲೆ ಬದಲಿಲ್ಲ. ಆದ್ದರಿಂದ ಆ ದಿನ ಪರದೆ ಕಪ್ಪಾದರೆ ಅದು ಬರೀ ಚೇಷ್ಟೆ ಆಗುವುದಿಲ್ಲ, ನನ್ನ ಮಗಳ ಬಾಳು ಅದರಲ್ಲಿದೆ.

ನೀನು ಆ ದಿನ ಆ್ಯಪು ತೆರೆಯಕೂಡದು. ನಿನ್ನ ಬಾಯಿಮಾತು ನನಗೆ ಸಾಲದು. ಕೊರಳಿನ ಲಿಂಗ ಹಿಡಿದು ಆಣೆ ಮಾಡು, ಮಾಡಿದ್ದೇನೆಂದು ಬರೆದು ಕಳಿಸು. ಬಾಳವ್ವ ಸಾಕ್ಷಿ ಇರಲಿ. ಅವಳು ಸುಳ್ಳು ಹೇಳುವವಳಲ್ಲ.

ಮಾಳಪ್ಪ


ಮೂಡಲಗಿ
21 ಜುಲೈ 2025

ಮಾಳಪ್ಪನಿಗೆ ಶರಣು.

ನಿನ್ನೆ ಕನ್ನಡಕ ಹಾಕಿಕೊಂಡು ಆ್ಯಪಿನ ಕರಾರು ಪೂರ್ತಿ ಓದಿದೆ. ಇಪ್ಪತ್ತು ಪುಟದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇದೆ: ಈ ಚಂದಾಕ್ಕೆ ಒಂದು ವೇಳೆಗೆ ಒಂದೇ ಪರದೆ. ನೀನು ತೆರೆದರೆ ನಾನು ಹೊರಗೆ, ನಾನು ತೆರೆದರೆ ನೀನು ಹೊರಗೆ. ಏಪ್ರಿಲ್‌ನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಹೊರಗೆ ತಳ್ಳುತ್ತಿದ್ದೇವೆ. ಎರಡು ಪರದೆ ಬೇಕೆಂದರೆ ಚಂದಾ ಎರಡರಷ್ಟಕ್ಕಿಂತ ಹೆಚ್ಚು, ಅದೂ ವರ್ಷ ಮುಗಿದ ಮೇಲೇ ಬದಲಾಯಿಸಲು ಬರುತ್ತದೆ. ಮೇಲವಂಕಿಯವರ ಮೇಲೆ ಸಂಶಯಪಟ್ಟದ್ದಕ್ಕೆ ಹಣಮವ್ವನಿಗೆ ನನ್ನ ಪರವಾಗಿ ಶರಣು ಹೇಳು.

ಆಣೆ ಮಾಡುವುದಿಲ್ಲ. ಆ ರೇಸು ನಾನೂ ನೋಡಬೇಕು. ನಿನಗೆ ಮಗಳನ್ನು ನೋಡುವ ಹಕ್ಕಿದೆ, ಒಪ್ಪುತ್ತೇನೆ. ಆದರೆ ನೀರು ಕೊಟ್ಟು ಹಿಂದೆ ಉಳಿಯುವವರನ್ನು ಮೊದಲಿನಿಂದ ಕೊನೆಯವರೆಗೆ ತೋರಿಸುವ ರೇಸು ಒಂದಾದರೂ ಇದೆ ಎಂದು ಕೇಳಿದ ಮೇಲೆ ನಾನು ಅದನ್ನು ಬಿಡಲಾರೆ.

ಹುಕ್ಕೇರಿಯ ಮಾತು ನೀನೇ ಎತ್ತಿದ್ದೀ. ನೀನು ಕೊನೆಯ ಎರಡು ಕಿಲೋಮೀಟರು ಬರೆದೆ. ನಾನು ಅದರ ಹಿಂದಿನದು ಕೇಳುತ್ತೇನೆ. ಲೋಳಸೂರ ಸೇತುವೆ ದಾಟಿದ ಮೇಲೆ ಪಡುವಣ ಗಾಳಿ ಎದೆಗೆ ಬಡಿಯತೊಡಗಿತು. ಅಲ್ಲಿಂದ ಹುಕ್ಕೇರಿಯ ಏರಿನವರೆಗೆ ನಿನ್ನ ಕಣ್ಣ ಮುಂದೆ ಏನಿತ್ತು, ನೆನಪು ಮಾಡಿಕೋ. ನನ್ನ ಬೆನ್ನಿತ್ತು. ಏರಿನ ಬುಡದಲ್ಲಿ ನನ್ನ ಕಾಲು ಮುಗಿದವು. ಉಳಿದದ್ದು ಅರ್ಧ ಬಾಟಲಿ ನೀರು. ಅದನ್ನು ನಾನು ಚಾಚಿದ್ದು ನಿನಗೆ. “ಮಾಳ್ಯಾ, ತಗೋ” ಎಂದು ಕೂಗಿದೆ. ನೀನು ತಲೆ ಎತ್ತಲಿಲ್ಲ. ಕೈ ಚಾಚಿದವನು ಸೋಮಶೇಖರ.

ಇದನ್ನು ಮರುದಿನವೇ ಹೇಳಲು ಬಂದಿದ್ದೆ. ಅಷ್ಟರಲ್ಲಿ ನೀನು ಭಂಡಾರ ಹಿಡಿದಾಗಿತ್ತು. ಅಂಗಡಿಯ ಮಾತು ನೀನು ಎದುರಿಗೆ ಕೇಳಿದರೆ ಹೇಳುತ್ತೇನೆ, ಕಾಗದದಲ್ಲಿ ಬೇಡ.

ಪರದೆ ಒಂದೇ ಇದೆ. ಏನು ಮಾಡೋಣ, ನೀನೇ ಹೇಳು.

ಶರಣು,
ಗುರುಲಿಂಗಪ್ಪ


ಮೇಲವಂಕಿ
30 ಜುಲೈ 2025

ಗುರುಲಿಂಗಪ್ಪನಿಗೆ,

ಬಾಟಲಿಯ ಮಾತು ನಂಬಿದೆ ಎಂದು ತಿಳಿಯಬೇಡ. ಮೂವತ್ತು ವರ್ಷ ಕಾದು ಹೇಳಿದ ಮಾತು, ಯಾರಾದರೂ ಚೆನ್ನಾಗಿಯೇ ಹೇಳುತ್ತಾರೆ. ಬೆನ್ನು ನೋಡಿದ ನೆನಪಿದೆ. ನೀಲಿ ಬನಿಯನ್, ಎಡಭುಜದ ಹತ್ತಿರ ಹರಿದದ್ದು. ಅಷ್ಟನ್ನೇ ಒಪ್ಪುತ್ತೇನೆ.

ಇದಕ್ಕೂ ಶೆಟ್ಟೆವ್ವನೇ ದಾರಿ ತೆಗೆದಳು. “ಮಾತಾಡಂಗಿಲ್ಲ ಅಂದ್ರ ಬಾಜೂಕ ಕುಂದ್ರಂಗಿಲ್ಲ ಅಂತೇನು? ಒಂದ ಟಿವಿ, ಒಂದ ಕಂಬಳಿ. ಇಬ್ರೂ ಬಾಯಿ ಮುಚ್ಚಿಕೊಂಡು ಕುಂತ್ ನೋಡ್ರಿ. ಊರಿಗೂ ಸುಖ,” ಎಂದಳು.

ಆದ್ದರಿಂದ ಹತ್ತರಂದು ಮೂರೂವರೆಯೊಳಗೆ ಬಾ. ಬಾಳವ್ವನನ್ನೂ ಕರೆದುಕೊಂಡು ಬಾ. ನಿನಗೆ ಕೊಡಬೇಕಾದ ಕಂಬಳಿಯನ್ನೇ ಹಾಸುತ್ತೇನೆ. ನಾನು ಮಾತಾಡುವುದಿಲ್ಲ. ನೀನೂ ಮಾತಾಡಿಸಬೇಡ, ದೇವರ ಮುಂದೆ ನನ್ನನ್ನು ತಪ್ಪುಗಾರನನ್ನಾಗಿ ಮಾಡಬೇಡ. ನಿನ್ನ ಮೊಬೈಲು ಬಂದ್ ಮಾಡಿ ಶೆಟ್ಟೆವ್ವನ ಕೈಗೆ ಕೊಡಬೇಕು. ಇದು ಕರಾರು, ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ.

ಮಾಳಪ್ಪ


ಮೇಲವಂಕಿ
11 ಆಗಸ್ಟ್ 2025

ಮಗಳೇ ಮಾಯಾ,

ಇದನ್ನು ನಿನ್ನವ್ವ ಫೋಟೋ ತೆಗೆದು ಕಳಿಸುತ್ತಾಳೆ. ಅಕ್ಷರ ಕೂಡಿಸಿಕೊಂಡು ಓದು.

ನಿನ್ನೆ ಮೂಡಲಗಿಯ ಗುರುಲಿಂಗಪ್ಪ ನಮ್ಮ ಮನೆಗೆ ಬಂದಿದ್ದ. ನೀನು ಹುಟ್ಟುವ ಮೊದಲು ನಾವಿಬ್ಬರೂ ಮಾತು ಬಿಟ್ಟದ್ದು ನಿನಗೆ ಗೊತ್ತು. ಯಾಕೆ ಬಿಟ್ಟೆವೆಂಬುದನ್ನು ನಾನು ಹೇಳಿದ ಹಾಗೆ ಕೇಳಿದ್ದೀ. ಅವನು ಬಂದು ಮೊಬೈಲು ನಿನ್ನವ್ವನ ಕೈಗೆ ಕೊಟ್ಟು, ಕಂಬಳಿಯ ಒಂದು ತುದಿಗೆ ಕೂತ. ನಾನು ಇನ್ನೊಂದು ತುದಿಗೆ. ನಡುವೆ ಒಂದು ಆಳು ಮಲಗುವಷ್ಟು ಜಾಗ ಬಿಟ್ಟಿದ್ದೆವು. ತಲೆ ನರೆತಿದೆ, ಮೊದಲಿಗಿಂತ ಗಿಡ್ಡಾಗಿದ್ದಾನೆ. ಮೊಬೈಲು ಇನ್ನೊಂದು ಇರಬಹುದೆಂದು ನಾನು ಅವನ ಜೇಬಿನ ಮೇಲೆ ಒಂದು ಕಣ್ಣಿಟ್ಟೇ ಕೂತೆ.

ಬಾವುಟ ಬೀಸಿದಲ್ಲಿಂದ ನೋಡಿದೆವು. ಮಗಳೇ, ಮೊದಲಿನಿಂದಲೇ ನೀನು ಮುಂದಿದ್ದೆ! ಗಾಳಿ ಮರಗಳನ್ನು ಬಾಗಿಸುತ್ತಿತ್ತು. ನಿನ್ನ ಹಿಂದೆ ಆ ಎತ್ತರದ ಹುಡುಗಿ, ಅವಳ ಹಿಂದೆ ಉಳಿದವರೆಲ್ಲ. ನೀನು ಹಿಂದೆ ಹೋಗಿ ನೀರು ತಂದೆ, ಮತ್ತೆ ಮುಂದೆ. ಮತ್ತೆ ನೀರು, ಮತ್ತೆ ಮುಂದೆ. ಟಿವಿಯಲ್ಲಿ ಮಾತಾಡುವವರು ನಿನ್ನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಬಾಳವ್ವ ಚಹಾ ತಂದಿಟ್ಟಳು, ಆರಿಹೋಯಿತು. ಗುರುಲಿಂಗಪ್ಪನ ಬಲಗಾಲು ಕಂಬಳಿಯ ಮೇಲೆ ತಾನಾಗಿಯೇ ತುಳಿಯುತ್ತಿತ್ತು. ನನ್ನದೂ ತುಳಿಯುತ್ತಿತ್ತೆಂದು ನಿನ್ನವ್ವ ಆಮೇಲೆ ಹೇಳಿದಳು.

ಒಂದು ಏರು ಬಂತು. ನಿನ್ನ ಹೆಗಲು ಅಲ್ಲಾಡತೊಡಗಿದವು. ನಿನ್ನಲ್ಲಿ ಏನೂ ಉಳಿದಿಲ್ಲವೆಂದು ನನಗೆ ತಿಳಿಯಿತು. ನೀನು ಬಾಜೂಕ್ಕೆ ಸರಿದು ಕೊನೆಯ ಬಾಟಲಿಯನ್ನು ಹಿಂದೆ ಚಾಚಿದೆ. ಆ ಹುಡುಗಿ ತಲೆ ತಗ್ಗಿಸಿ ತುಳಿಯುತ್ತಲೇ ಇದ್ದಳು, ನೋಡಲಿಲ್ಲ. ಬೇರೆ ತಂಡದ ಒಬ್ಬಳು ಪಕ್ಕದಲ್ಲೇ ಇದ್ದಳು. ನನಗೆ ಏನಾಯಿತೋ ಗೊತ್ತಿಲ್ಲ, ಎದ್ದು ನಿಂತು ಟಿವಿಯ ಮುಂದೆ ಕೂಗಿದೆನಂತೆ, “ತಲಿ ಎತ್ತಬೇ! ನಿನಗ ಕೊಡಾಕತ್ತಾಳ ನೋಡ, ತಲಿ ಎತ್ತು!”

ಅವಳು ಎತ್ತಿದಳು. ಬಾಟಲಿ ತೆಗೆದುಕೊಂಡಳು. ನೀನು ಸೊಂಟದ ಮೇಲೆ ಕೈ ಇಟ್ಟುಕೊಂಡು ಹಿಂದೆ ಉಳಿದೆ.

ಆಮೇಲೆ ಯಾರು ಗೆದ್ದರೋ ನಾನು ನೋಡಲಿಲ್ಲ. ಗುರುಲಿಂಗಪ್ಪ ನನ್ನ ಕಡೆ ತಿರುಗಲೂ ಇಲ್ಲ, ಟಿವಿಯನ್ನೇ ನೋಡುತ್ತಿದ್ದ, ಗಡ್ಡ ಒದ್ದೆಯಾಗಿತ್ತು. ನಾನು ಒಳಗೆ ಹೋಗಿ ಕೊಡದಿಂದ ತಂಬಿಗೆ ತುಂಬಿಸಿಕೊಂಡು ಬಂದೆ. ಅವನ ಮುಂದೆ ಚಾಚಿದೆ. ಅವನು ತಲೆ ತಗ್ಗಿಸಿ ಕೂತಿದ್ದ, ನೋಡಲಿಲ್ಲ. ನೋಡದಿದ್ದ ಮೇಲೆ ಬಾಯಿ ಬಿಡದೆ ಬೇರೆ ಉಪಾಯ ಇರಲಿಲ್ಲ.

“ಗುರ್ಯಾ, ನೀರ ತಗೋ,” ಎಂದೆ.

ಆಣೆ ಮುರಿಯಿತು. ಬರುವ ಸೋಮವಾರ ಇಬ್ಬರೂ ಬೀರದೇವರಿಗೆ ಹೋಗಿ ಭಂಡಾರ ಹಚ್ಚಿಕೊಂಡು ಬರಬೇಕು, ಇಲ್ಲದಿದ್ದರೆ ಮನೆಗೆ ಒಳ್ಳೆಯದಲ್ಲ. ಅಂಗಡಿಯ ಮಾತು ದಾರಿಯಲ್ಲಿ ಕೇಳುತ್ತೇನೆ. ನೀನು ಹೋದ ಮಾರ್ಚಿನಲ್ಲೇ ಅವನು ಆ್ಯಪಿನ ಚಂದಾ ಯಾಕೆ ಕಟ್ಟಿದ ಎಂದು ಮಾತ್ರ ಕೇಳುವುದಿಲ್ಲ, ಅದು ತಿಳಿಯಿತು. ಕಂಬಳಿಯನ್ನು ಅವನು ಒಯ್ಯಲಿಲ್ಲ. ಮುಂದಿನ ರೇಸಿಗೆ ಬೇಕಾಗುತ್ತದೆ ಎಂದ.

ಒಪ್ಪಂದದ ಕಾಗದಕ್ಕೆ ಸಹಿ ಹಾಕು. ಹಾಕುವ ಮೊದಲು ಕೆಳಗಿನ ಸಣ್ಣ ಅಕ್ಷರ ಪೂರ್ತಿ ಓದು, ಯಾರನ್ನೂ ನಂಬಬೇಡ. ಊಟ ಸರಿಯಾಗಿ ಮಾಡು. ಮತ್ತೆ ಆ ಎತ್ತರದ ಹುಡುಗಿಗೆ ನನ್ನ ಹೆಸರಿನಿಂದ ಹೇಳು: ಹಿಂದೆ ಉಳಿಯುವವರು ಕೈ ಚಾಚಿದಾಗ ತಲೆ ಎತ್ತಿ ನೋಡಬೇಕು.

ನಿನ್ನ ಅಪ್ಪ,
ಮಾಳಪ್ಪ